ಬ್ಯಾಡಗಿ ಮೆಣಸಿನಕಾಯಿ ಇಲ್ಲದಾಗ: ಬದಲಿಗೆ ಏನು, ಎಷ್ಟು, ಹೇಗೆ

ಸಾರಿನ ಪುಡಿಗೆ ಹತ್ತು ಬ್ಯಾಡಗಿ ಮೆಣಸಿನಕಾಯಿ ಎಂದು ರೆಸಿಪಿಯಲ್ಲಿ ಬರೆದಿದೆ, ಡಬ್ಬದಲ್ಲಿರುವುದು ಗುಂಟೂರು. ಹತ್ತರ ಜಾಗಕ್ಕೆ ಹತ್ತನ್ನೇ ಹಾಕಿದರೆ ಸಾರು ಬಾಯಿಗಿಡಲಾಗದಷ್ಟು ಖಾರವಾಗುತ್ತದೆ. ಖಾರಕ್ಕೆ ಹೆದರಿ ಮೂರೇ ಹಾಕಿದರೆ ಖಾರವೇನೋ ಹದಕ್ಕೆ ಬರುತ್ತದೆ, ಆದರೆ ಬಣ್ಣ ಮಂಕು, ಸಾರು ತೆಳ್ಳಗೆ, ಮಸಾಲೆಯೇ ಕಡಿಮೆಯಾದಂತೆ ಅನ್ನಿಸುತ್ತದೆ. ಬ್ಯಾಡಗಿ ಅಡುಗೆಗೆ ಖಾರವೊಂದನ್ನೇ ಕೊಡುವುದಿಲ್ಲ. ಖಾರಕ್ಕಿಂತ ಮಿಗಿಲಾದ ಮೂರು ಕೆಲಸಗಳನ್ನು ಅದು ಸದ್ದಿಲ್ಲದೆ ಮಾಡುತ್ತಿರುತ್ತದೆ. ಆದ್ದರಿಂದ ಬದಲಿ ಹುಡುಕುವ ಮೊದಲು ನೀವು ಮಾಡಹೊರಟ ಅಡುಗೆಯಲ್ಲಿ ಅದು ಯಾವ ಕೆಲಸಕ್ಕೆ ನಿಂತಿತ್ತು ಎಂದು ನೋಡಿಕೊಳ್ಳಬೇಕು. ಅದು ಗೊತ್ತಾದರೆ ಬದಲಿ ಸಿಕ್ಕಿದ ಹಾಗೆಯೇ. ಹಲವು ಸಲ ಒಂದರ ಜಾಗಕ್ಕೆ ಎರಡು ಪದಾರ್ಥ ಬೇಕಾಗುತ್ತವೆ, ಅಷ್ಟೇ.

ಬ್ಯಾಡಗಿ ಮಾಡುವ ಕೆಲಸಗಳು

ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಇದರಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದಪ್ಪ. ಬೀಜ ಹೆಚ್ಚು, ಘಮವೂ ಹೆಚ್ಚು. ಎರಡರಲ್ಲೂ ಖಾರ ಕಡಿಮೆ, ಬಣ್ಣ ಮಾತ್ರ ಗಾಢ. ಇದರಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರವನ್ನು ಆಹಾರಕ್ಕೂ ಲಿಪ್‌ಸ್ಟಿಕ್‌ಗೂ ಬಣ್ಣವಾಗಿ ಬಳಸುತ್ತಾರೆ ಎಂದರೆ ಆ ಕೆಂಪು ಎಷ್ಟು ಗಟ್ಟಿಯೆಂದು ಊಹಿಸಬಹುದು.

ಮೊದಲನೆಯ ಕೆಲಸ ಬಣ್ಣ. ಕೆಂಪು ಬಣ್ಣ ಇರುವುದು ಸಿಪ್ಪೆಯಲ್ಲಿ. ಕ್ಯಾಪ್ಸಾಂಥಿನ್ ಎಂಬ ಆ ವರ್ಣದ್ರವ್ಯ ಎಣ್ಣೆ, ತುಪ್ಪದಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಎರಡನೆಯದು ಖಾರ. ಅದು ಕ್ಯಾಪ್ಸೈಸಿನ್‌ನಿಂದ ಬರುತ್ತದೆ, ಮತ್ತು ಅದರ ನೆಲೆ ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ದಿಂಡು. ಬೀಜಕ್ಕೆ ಆ ದಿಂಡಿನ ಖಾರ ಹತ್ತಿಕೊಂಡಿರುತ್ತದೆಯೇ ಹೊರತು ಬೀಜದೊಳಗೆ ಖಾರ ಹುಟ್ಟುವುದಿಲ್ಲ. ಬಣ್ಣ ಸಿಪ್ಪೆಯಲ್ಲಿ, ಖಾರ ದಿಂಡಿನಲ್ಲಿ ಎಂಬ ಈ ಸಂಗತಿಯನ್ನು ನೆನಪಿನಲ್ಲಿಡಿ. ಖಾರದ ಮೆಣಸಿನಕಾಯಿಯ ದಿಂಡು ತೆಗೆದುಹಾಕಿ ಸಿಪ್ಪೆ ಮಾತ್ರ ಬಳಸಿದರೆ ಖಾರ ತಗ್ಗಿಸಿ ಬಣ್ಣ ಉಳಿಸಿಕೊಳ್ಳಬಹುದು. ಮುಂದೆ ಹೇಳುವ ಅರ್ಧದಷ್ಟು ಉಪಾಯಗಳಿಗೆ ಇದೇ ಆಧಾರ.

ಮೂರನೆಯದು ಘಮ. ಹುರಿದ ಬ್ಯಾಡಗಿಗೆ ನಸುಸಿಹಿ ಬೆರೆತ ಒಂದು ವಾಸನೆಯಿದೆ, ಗುಂಟೂರಿನಲ್ಲಿ ಅದು ಸಿಗುವುದಿಲ್ಲ. ನಾಲ್ಕನೆಯದನ್ನು ಜನ ಮರೆಯುತ್ತಾರೆ: ಮಸಾಲೆಯ ಮೈ. ಹದಿನೈದು ಬ್ಯಾಡಗಿ ನೆನೆಸಿ ರುಬ್ಬಿದರೆ ಹಿಡಿಯಷ್ಟು ದಪ್ಪ ಅರೆಪ್ಪು ಸಿಗುತ್ತದೆ. ಅದೇ ಗಸಿಗೆ, ಚಟ್ನಿಗೆ ಗಟ್ಟಿತನ ಕೊಡುವುದು. ಐದು ಗುಂಟೂರಿನಿಂದ ಆ ಖಾರ ಬರಬಹುದು, ಆ ಮೈ ಬರುವುದಿಲ್ಲ.

ಎಣಿಸಬೇಡಿ, ತೂಗಿ

‘ಹತ್ತು ಮೆಣಸಿನಕಾಯಿ’ ಎಂಬ ಅಳತೆ ಒಂದೇ ತಳಿ, ಒಂದೇ ಅಂಗಡಿಯಿಂದ ತರುವವರಿಗೆ ಸರಿ. ತಳಿ ಬದಲಾದ ಕೂಡಲೇ ಎಣಿಕೆ ಕೆಲಸಕ್ಕೆ ಬರುವುದಿಲ್ಲ. ತೊಟ್ಟು ತೆಗೆದ ಒಂದು ಮಧ್ಯಮ ಗಾತ್ರದ ಬ್ಯಾಡಗಿ ಸುಮಾರು 1ರಿಂದ 1.5 ಗ್ರಾಂ ತೂಗುತ್ತದೆ. ಹತ್ತಕ್ಕೆ 12 ಗ್ರಾಂ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ. ಗುಂಟೂರು ಸಣ್ಣಂ ಒಂದಕ್ಕೆ ಒಂದು ಗ್ರಾಂನ ಆಸುಪಾಸು. ಅಚ್ಚಖಾರದ ಪುಡಿ ಒಂದು ಟೀಚಮಚ ಸಮ ಮಾಡಿ ಅಳೆದರೆ 2ರಿಂದ 2.5 ಗ್ರಾಂ. ಅಂದರೆ ಎರಡು ಬ್ಯಾಡಗಿಗೆ ಒಂದು ಟೀಚಮಚ ಪುಡಿ, ಹತ್ತಕ್ಕೆ ಸುಮಾರು ಐದು ಟೀಚಮಚ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಪುಡಿ ಮಾಡುವ ದಿನ ಅದನ್ನು ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಮೇಲಿನ ಲೆಕ್ಕ ಸಾಕು.

ಖಾರವನ್ನು ಸ್ಕೋವಿಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಗುಂಟೂರು ಸಣ್ಣಂ ಸಾಮಾನ್ಯವಾಗಿ 35,000ದಿಂದ 40,000, ಹೊರದೇಶದ ಅಂಗಡಿಗಳಲ್ಲಿ ಸಿಗುವ ಕೆಯೆನ್ ಎಂಬ ಖಾರದ ಪುಡಿ 30,000ದಿಂದ 50,000, ಕಾಶ್ಮೀರಿ 1,000ದಿಂದ 2,000, ಸಿಹಿ ಪಾಪ್ರಿಕಾ ಎಂಬ ಸಪ್ಪೆ ಕೆಂಪು ಮೆಣಸಿನಪುಡಿ 1,000ಕ್ಕೂ ಕೆಳಗೆ. ಬ್ಯಾಡಗಿ ಗುಂಟೂರಿಗಿಂತ ಬಹಳ ಕೆಳಗೆ, ಕಾಶ್ಮೀರಿಗಿಂತ ಸಾಮಾನ್ಯವಾಗಿ ಸ್ವಲ್ಪ ಮೇಲೆ ಬರುತ್ತದೆ. ಇವು ಸುಮಾರು ಅಂಕಿಗಳು. ಮಣ್ಣು, ಮಳೆ, ಕೊಯ್ಲಿನ ಕಾಲ ನೋಡಿಕೊಂಡು ಏರಿಳಿಯುತ್ತವೆ. ಜೊತೆಗೆ 5531, 2043 ಎಂಬ ಸಂಖ್ಯೆಗಳಿಂದ ಕರೆಯುವ ಹೈಬ್ರಿಡ್ ತಳಿಗಳೂ ಬ್ಯಾಡಗಿ ಹೆಸರಿನಲ್ಲೇ ಅಂಗಡಿಗೆ ಬರುತ್ತವೆ. ನೀವು ತಂದ ‘ಬ್ಯಾಡಗಿ’ ಕಳೆದ ಸಲಕ್ಕಿಂತ ಖಾರ ಅನ್ನಿಸಿದರೆ ಅದಕ್ಕೆ ಇದೂ ಒಂದು ಕಾರಣ. ಮೈ ನುಣ್ಣಗಿದ್ದು ಸುಕ್ಕು ಕಡಿಮೆ ಇರುವ ಕಾಯಿ ಕಂಡರೆ ಒಂದು ಚೂರು ನಾಲಿಗೆಗೆ ಇಟ್ಟು ನೋಡಿಯೇ ಪ್ರಮಾಣ ಗೊತ್ತುಮಾಡಿ.

ಕೈಯಲ್ಲಿರುವುದನ್ನು ಬಳಸುವುದು ಹೇಗೆ

ಕಾಶ್ಮೀರಿ ಮೆಣಸಿನಕಾಯಿ ಅಥವಾ ಪುಡಿ ಇದ್ದರೆ ಅದೃಷ್ಟವೇ ಸರಿ. ಬಣ್ಣ, ಮೈ ಎರಡೂ ಹತ್ತಿರ ಬರುತ್ತವೆ. ತೂಕಕ್ಕೆ ಸಮ ತೂಕ ಹಾಕಿ, ಪ್ರತಿ 12 ಗ್ರಾಂಗೆ ಒಂದು ಗುಂಟೂರು ಸೇರಿಸಿದರೆ ಖಾರವೂ ಸರಿಹೊಂದುತ್ತದೆ. ಪ್ಯಾಕೆಟ್ ಪುಡಿ ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಿ. ಮೆಣಸಿನಕಾಯಿ ಬಿಟ್ಟು ಬೇರೇನೂ ಇರಬಾರದು. ಎಣ್ಣೆ ಸ್ವಲ್ಪ ಇದ್ದರೆ ಅಡ್ಡಿಯಿಲ್ಲ, ಉಪ್ಪು ಇದ್ದರೆ ಅಡುಗೆಯ ಉಪ್ಪು ತಗ್ಗಿಸಬೇಕು.

ಗುಂಟೂರು ಮಾತ್ರ ಇದ್ದರೆ ಕೆಲಸ ಸ್ವಲ್ಪ ಹೆಚ್ಚು. ಹತ್ತು ಬ್ಯಾಡಗಿಯ ಜಾಗಕ್ಕೆ ಇಡಿಯಾಗಿ ಮೂರು ಗುಂಟೂರು ಸಾಕು. ಬಣ್ಣವೂ ಬೇಕೆಂದರೆ ಆರು ಗುಂಟೂರು ತೆಗೆದುಕೊಂಡು ಎರಡನ್ನು ಇಡಿಯಾಗಿ ಬಿಡಿ. ಉಳಿದ ನಾಲ್ಕನ್ನು ಉದ್ದಕ್ಕೆ ಕತ್ತರಿಸಿ ಬೀಜ ಕೊಡವಿ, ಒಳಗಿನ ಬಿಳಿ ದಿಂಡನ್ನು ಚಾಕುವಿನ ಮೊನೆಯಿಂದ ಕೆರೆದು ತೆಗೆಯಿರಿ. ಬೀಜ ಮಾತ್ರ ತೆಗೆದು ದಿಂಡು ಬಿಟ್ಟರೆ ಖಾರ ಅಷ್ಟಾಗಿ ಇಳಿಯುವುದಿಲ್ಲ. ದಿಂಡು ಕೆರೆದ ಮೇಲೂ ಸಿಪ್ಪೆಗೆ ಹತ್ತಿದ ಖಾರ ಸ್ವಲ್ಪ ಉಳಿದಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಇಡಿಯಾದವನ್ನು ಎರಡಕ್ಕೆ ಇಳಿಸಿದ್ದು. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕೆಲಸ ಮುಗಿದ ಮೇಲೆ ಮತ್ತೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬರೀ ನೀರಿಗೆ ಉರಿ ಹೋಗುವುದಿಲ್ಲ.

ತೇಜಾ ತಳಿ ಇನ್ನೂ ಖಾರ, ಗುಂಟೂರು ಸಣ್ಣಂಗಿಂತ ಸುಮಾರು ಎರಡು ಪಟ್ಟು. ಇದನ್ನು ಬ್ಯಾಡಗಿಗೆ ಬದಲಿ ಎಂದು ನೋಡಲೇಬೇಡಿ. ಪಾಪ್ರಿಕಾದಂಥ ಸಪ್ಪೆ ಪುಡಿಗೆ ಖಾರ ತುಂಬಲು ಅರ್ಧ ಕಾಯಿ, ಒಂದು ಕಾಯಿ ಹಾಕಲು ಇದು ಒಳ್ಳೆಯದು.

ಹೊರದೇಶದಲ್ಲಿ ಅಡುಗೆ ಮಾಡುವವರಿಗೆ ಪಾಪ್ರಿಕಾ ಮತ್ತು ಕೆಯೆನ್ ಜೋಡಿಯೇ ಆಸರೆ. ಹತ್ತು ಬ್ಯಾಡಗಿಗೆ ನಾಲ್ಕು ಟೀಚಮಚ ಸಿಹಿ ಪಾಪ್ರಿಕಾ, ಮುಕ್ಕಾಲು ಟೀಚಮಚ ಕೆಯೆನ್ ಸೇರಿಸಿ ಶುರುಮಾಡಿ. ಖಾರ ಸಾಲದಿದ್ದರೆ ಕೆಯೆನ್ ಕಾಲು ಕಾಲು ಟೀಚಮಚ ಏರಿಸಿ, ಪಾಪ್ರಿಕಾ ಏರಿಸಬೇಡಿ. ಪಾಪ್ರಿಕಾ ಹೆಚ್ಚಾದರೆ ಸಾರಿಗೆ ದಪ್ಪಮೆಣಸಿನಕಾಯಿಯ ಸಿಹಿ ಬರುತ್ತದೆ. ಹೊಗೆಯಲ್ಲಿ ಒಣಗಿಸಿದ ಪಾಪ್ರಿಕಾವನ್ನು ಮುಟ್ಟಬೇಡಿ. ಅದರ ಹೊಗೆ ವಾಸನೆ ಇಂಗು, ಕರಿಬೇವು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಇಡಿ ಕಾಯಿಯೇ ಬೇಕೆಂದರೆ ಮೆಕ್ಸಿಕೊದ ಗ್ವಾಹೀಯೊ ಎಂಬ ಒಣಮೆಣಸಿನಕಾಯಿ ರುಬ್ಬುವ ಮಸಾಲೆಗೆ ಚೆನ್ನಾಗಿ ಒದಗುತ್ತದೆ: ಖಾರ ಕಡಿಮೆ, ಬಣ್ಣ ಹೆಚ್ಚು, ಕಾಯಿ ದೊಡ್ಡದು. ದೊಡ್ಡದಾದ್ದರಿಂದ ಇಲ್ಲಿ ಎಣಿಕೆ ಪೂರ್ತಿ ದಾರಿ ತಪ್ಪಿಸುತ್ತದೆ, ತೂಕವನ್ನೇ ನಂಬಿ. ಸಿಪ್ಪೆ ಗಡುಸು, ಹಾಗಾಗಿ ನೆನೆಯಲು ಬ್ಯಾಡಗಿಗಿಂತ ಹೆಚ್ಚು ಹೊತ್ತು ಬೇಕು. ಕೊರಿಯಾದ ಗೊಚುಗಾರು ಎಂಬ ತರಿಪುಡಿಯೂ ಬಣ್ಣ ಕೊಡುತ್ತದೆ. ಹುರಿದ ಘಮ ಅದರಲ್ಲಿಲ್ಲ, ಚಟ್ನಿಗೆ ಪರವಾಗಿಲ್ಲ.

ಅಮೆರಿಕದ ಅಂಗಡಿಗಳಲ್ಲಿ ‘ಚಿಲಿ ಪೌಡರ್’ ಎಂದು ಸಿಗುವ ಡಬ್ಬಿಯ ಬಗ್ಗೆ ಎಚ್ಚರ. ಅದು ಅಚ್ಚಖಾರದ ಪುಡಿಯಲ್ಲ. ಜೀರಿಗೆ, ಬೆಳ್ಳುಳ್ಳಿ ಪುಡಿ, ಒರೆಗಾನೊ, ಕೆಲವೊಮ್ಮೆ ಉಪ್ಪೂ ಬೆರೆತ ಮಸಾಲೆ. ಹುಳಿಗೆ ಹಾಕಿದರೆ ಒರೆಗಾನೊ ವಾಸನೆ ತೆಗೆಯಲು ದಾರಿಯೇ ಇಲ್ಲ.

ಬದಲಿ ಮಿಶ್ರಣ ಕೂಡಿಸುವ ಕ್ರಮ

1. ರೆಸಿಪಿಯ ಬ್ಯಾಡಗಿಯನ್ನು ಗ್ರಾಂಗೆ ತಿರುಗಿಸಿ. ಹದಿನೈದು ಎಂದಿದ್ದರೆ 18 ಗ್ರಾಂ.

2. ಬಣ್ಣ ಮತ್ತು ಮೈಗಾಗಿ ಸಪ್ಪೆ ಖಾರದ ಮೆಣಸಿನಕಾಯಿಯನ್ನು ಆ ತೂಕದ ಹತ್ತಿರಕ್ಕೆ ತೆಗೆದುಕೊಳ್ಳಿ: ಕಾಶ್ಮೀರಿ ಇಲ್ಲವೇ ಗ್ವಾಹೀಯೊ ಆದರೆ 16ರಿಂದ 18 ಗ್ರಾಂ. ಪಾಪ್ರಿಕಾ ಪುಡಿಯಾದರೆ 14 ಗ್ರಾಂ ಸಾಕು, ಸುಮಾರು ಆರು ಟೀಚಮಚ. ಪುಡಿಯ ಬಣ್ಣ ಬೇಗ ಬಿಡುತ್ತದೆ.

3. ಖಾರವನ್ನು ಬೇರೆಯಾಗಿ ಅಳೆದುಕೊಳ್ಳಿ: ಒಂದೂವರೆ ಗುಂಟೂರು, ಅಥವಾ ಮುಕ್ಕಾಲು ತೇಜಾ. ಪಾಪ್ರಿಕಾ ಬಳಸಿದ್ದರೆ ಒಂದು ಟೀಚಮಚಕ್ಕಿಂತ ತುಸು ಹೆಚ್ಚು ಕೆಯೆನ್. ಮೊದಲೇ ಬೆರೆಸಬೇಡಿ, ಪಕ್ಕಕ್ಕಿಡಿ.

4. ಇಡಿ ಕಾಯಿಗಳನ್ನು ಹುರಿಯಿರಿ. ತೊಟ್ಟು ಮುರಿದು, ಒಳಗೆ ಬೂದು ಬಣ್ಣದ ಬೂಸಲು ಇದೆಯೇ ಎಂದು ಒಂದೊಂದನ್ನೂ ನೋಡಿ. ಇದ್ದರೆ ಆ ಕಾಯಿಯನ್ನು ಬಿಸಾಡಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಅರ್ಧ ಟೀಚಮಚ ಎಣ್ಣೆ. ಹಳೆ ಮೈಸೂರು ಕಡೆಯ ಮನೆಗಳಲ್ಲಿ ಇದಕ್ಕೆ ಹರಳೆಣ್ಣೆ ಬಳಸುವ ರೂಢಿಯಿದೆ, ಘಾಟು ಕಡಿಮೆ ಏಳುತ್ತದೆ. ಎರಡು ಮೂರು ನಿಮಿಷ ಕೈಯಾಡಿಸಿದರೆ ಕಾಯಿ ಉಬ್ಬಿ, ಹೊಳಪು ಬಂದು, ಮುರಿದರೆ ಪಟ್ಟೆನ್ನುತ್ತದೆ. ಬಣ್ಣ ಕಂದುವ ಮೊದಲೇ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತವೆ. ಗುಂಟೂರನ್ನು ಬೇರೆಯಾಗಿ ಹುರಿಯಿರಿ. ದಪ್ಪ, ತೆಳು ಸಿಪ್ಪೆಗಳು ಒಟ್ಟಿಗೆ ಹದಕ್ಕೆ ಬರುವುದಿಲ್ಲ.

5. ಪುಡಿಯಾದರೆ ಬಾಣಲೆಯಲ್ಲಿ ಹುರಿಯುವ ಗೋಜಿಗೇ ಹೋಗಬೇಡಿ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ ಇವೆಲ್ಲ ಹುರಿದು ಉರಿ ಆರಿಸಿದ ನಂತರ ಆ ಬಿಸಿಗೆ ಪುಡಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ, ಕೂಡಲೇ ಇಳಿಸಿ. ಹಸಿ ವಾಸನೆ ಹೋಗಲು ಅಷ್ಟು ಸಾಕು.

6. ರುಚಿ ನೋಡಿ. ಒಂದು ಟೀಚಮಚ ತುಪ್ಪ ಬೆಚ್ಚಗೆ ಮಾಡಿ ಒಂದು ಚಿಟಿಕೆ ಮಿಶ್ರಣ ಹಾಕಿ, ಎರಡು ತುತ್ತು ಅನ್ನಕ್ಕೆ ಉಪ್ಪಿನ ಜೊತೆ ಕಲಸಿ ತಿನ್ನಿ. ಪುಡಿಯನ್ನು ನೇರ ನಾಲಿಗೆಗೆ ಹಾಕಿದರೆ ಖಾರ ಮಾತ್ರ ತಿಳಿಯುತ್ತದೆ, ಘಮ ತಿಳಿಯುವುದಿಲ್ಲ. ಈಗ ಪಕ್ಕಕ್ಕಿಟ್ಟ ಖಾರದ ಪಾಲನ್ನು ಅರ್ಧ ಸೇರಿಸಿ, ಮತ್ತೆ ನೋಡಿ, ಬೇಕಿದ್ದರೆ ಉಳಿದದ್ದನ್ನು ಸೇರಿಸಿ.

7. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಪುಡಿ ಮಾಡಿ. ಬಿಸಿಯಿದ್ದಾಗಲೇ ಮಿಕ್ಸಿಗೆ ಹಾಕಿದರೆ ಮುಚ್ಚಳದಲ್ಲಿ ಹಬೆ ನಿಂತು ಪುಡಿ ಮುದ್ದೆಯಾಗುತ್ತದೆ, ವಾರದೊಳಗೆ ವಾಸನೆ ಕೆಡುತ್ತದೆ. ಇಪ್ಪತ್ತು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ. ಒಂದೇ ಸಮ ಓಡಿಸಿದರೆ ಬ್ಲೇಡಿನ ಬಿಸಿಗೇ ಘಮ ಹಾರಿಹೋಗುತ್ತದೆ. ಮುಚ್ಚಳ ತೆಗೆಯುವ ಮುನ್ನ ಎರಡು ನಿಮಿಷ ಕಾಯಿರಿ, ಇಲ್ಲದಿದ್ದರೆ ಧೂಳು ಮೂಗಿಗೇ ಏಳುತ್ತದೆ.

ಯಾವ ಅಡುಗೆಗೆ ಯಾವ ಬದಲಿ

ಸಾರಿನ ಪುಡಿ, ಹುಳಿ ಪುಡಿಗಳು ಬದಲಿಯನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ. ಕೊತ್ತಂಬರಿ ಬೀಜ, ಬೇಳೆ, ಹುಣಸೆಹಣ್ಣು ಎಲ್ಲ ಸೇರಿ ಮೆಣಸಿನಕಾಯಿಯ ಕೊರತೆಯನ್ನು ತುಂಬಿಕೊಳ್ಳುತ್ತವೆ. ಮೂರೇ ಗುಂಟೂರು ಹಾಕಿದ ಪುಡಿಗೆ ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ ಹೆಚ್ಚಿಗೆ ಹುರಿದು ಹಾಕಿ, ಸಾರಿಗೆ ಚೆನ್ನಾಗಿ ಹಣ್ಣಾದ ಟೊಮೇಟೊ ಒಂದು ಹೆಚ್ಚು ಸೇರಿಸಿ. ಬಣ್ಣವೂ ಮೈಯೂ ತಕ್ಕಮಟ್ಟಿಗೆ ಬರುತ್ತವೆ. ಟೊಮೇಟೊ ಹೆಚ್ಚಿಸಿದಷ್ಟು ಹುಣಸೆ ತಗ್ಗಿಸಲು ಮರೆಯಬೇಡಿ.

ಬಿಸಿಬೇಳೆ ಬಾತ್, ವಾಂಗಿಬಾತ್‌ಗಳಲ್ಲಿ ಪುಡಿಯೇ ಜೀವ, ಇಲ್ಲಿ ಮೈ ಮುಖ್ಯ. ಗುಂಟೂರು ಬಳಸಿದ್ದರೆ ಹತ್ತು ಬ್ಯಾಡಗಿಯ ಲೆಕ್ಕಕ್ಕೆ ಒಂದು ದೊಡ್ಡ ಚಮಚ ಕಡಲೆಬೇಳೆ, ಒಂದು ದೊಡ್ಡ ಚಮಚ ಒಣಕೊಬ್ಬರಿ ತುರಿ ಹೆಚ್ಚಿಗೆ ಹುರಿದು ಸೇರಿಸಿ. ಕೊಬ್ಬರಿಯ ಎಣ್ಣೆಯಂಶ ಇದ್ದಷ್ಟು ಬಣ್ಣವನ್ನೂ ಎತ್ತಿ ತೋರಿಸುತ್ತದೆ.

ಮೈಸೂರು ಮಸಾಲೆ ದೋಸೆಗೆ ಸವರುವ ಕೆಂಪು ಚಟ್ನಿ ಹೆಚ್ಚು ಬೇಯುವುದಿಲ್ಲ. ಆದ್ದರಿಂದ ಪುಡಿ ಹಾಕಿದರೆ ಹಸಿ ವಾಸನೆ ಉಳಿದುಬಿಡುತ್ತದೆ. ಇಡಿ ಕಾಯಿಯನ್ನೇ ನೆನೆಸಿ ರುಬ್ಬಿ: ಬಿಸಿ ನೀರು, ಕುದಿಯುವುದಲ್ಲ, ಕಾಶ್ಮೀರಿಗೆ 20 ನಿಮಿಷ, ಗುಂಟೂರಿಗೆ 40. ಮೊದಲು ನೀರಿಲ್ಲದೆ ಬೆಳ್ಳುಳ್ಳಿ, ಉಪ್ಪಿನ ಜೊತೆ ತಿರುಗಿಸಿ, ಸಿಪ್ಪೆ ನುಣ್ಣಗಾದ ಮೇಲೆ ಹುರಿಗಡಲೆ, ನೀರು ಹಾಕಿ. ಮೊದಲೇ ನೀರು ಸುರಿದರೆ ಸಿಪ್ಪೆಯ ಚೂರುಗಳು ಬ್ಲೇಡಿಗೆ ಸಿಗದೆ ತೇಲುತ್ತವೆ, ಎಷ್ಟು ರುಬ್ಬಿದರೂ ಹಾಗೇ ಉಳಿಯುತ್ತವೆ. ಪುಡಿ ಬಿಟ್ಟು ಗತಿಯಿಲ್ಲ ಎಂದಾದರೆ ಎರಡು ದೊಡ್ಡ ಚಮಚ ಎಣ್ಣೆ ಬಿಸಿ ಮಾಡಿ, ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಪುಡಿಯನ್ನು ಅದರಲ್ಲಿ ಕದಡಿಕೊಂಡು ಬಳಸಿ.

ಕುಂದಾಪುರದ ಘೀ ರೋಸ್ಟ್‌ನಲ್ಲಿ ಮುಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ತುಪ್ಪ, ಹುಳಿ, ಮೆಣಸಿನಕಾಯಿ ಈ ಮೂರೇ ನಿಂತು ಮಾಡುವ ಅಡುಗೆ ಅದು. ಇಲ್ಲಿ ಕಾಶ್ಮೀರಿ ಅಥವಾ ಗ್ವಾಹೀಯೊ ಇಡಿಯಾಗಿ ಹುರಿದು, ನೆನೆಸಿ, ಬೆಣ್ಣೆಯಂತೆ ರುಬ್ಬಿದರೆ ಮಾತ್ರ ನ್ಯಾಯ ಸಲ್ಲುತ್ತದೆ. ಎರಡೂ ಇಲ್ಲದಿದ್ದರೆ ಆ ದಿನ ಬೇರೆ ಅಡುಗೆ ಮಾಡುವುದು ಒಳ್ಳೆಯದು. ಗುಂಟೂರು ಹಾಕಿದ ಘೀ ರೋಸ್ಟ್ ತಿನ್ನಲೂ ಆಗದು, ಆ ಹೆಸರಿಗೂ ಹೊಂದದು. ತೆಂಗಿನಕಾಯಿ ರುಬ್ಬುವ ಗಸಿ, ಸಾರುಗಳಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ಕಾಯಿಯೇ ಮೈ ಕೊಡುವುದರಿಂದ ಪಾಪ್ರಿಕಾ–ಕೆಯೆನ್ ಜೋಡಿಯೂ ನಡೆಯುತ್ತದೆ.

ಪುಳಿಯೋಗರೆ ಗೊಜ್ಜಿನ ಬಣ್ಣ ಹುಣಸೆ, ಬೆಲ್ಲದಿಂದ ಬರುವುದರಿಂದ ಕೆಂಪಿನ ಚಿಂತೆಯಿಲ್ಲ; ಬ್ಯಾಡಗಿಯ ಮೂರನೇ ಒಂದು ಪಾಲು ಗುಂಟೂರು ಹಾಕಿ ಮುಂದುವರಿಯಿರಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳಲ್ಲಿ ಪುಡಿಯೇ ಸಲೀಸು. ಒಗ್ಗರಣೆಗೆ ಒಂದೆರಡು ಕಾಯಿ ಯಾವುದಾದರೂ ಆದೀತು, ಖಾರದ ತಳಿಯಾದರೆ ಮುರಿಯದೆ ಇಡಿಯಾಗಿ ಹಾಕಿ.

ಉಪ್ಪಿನಕಾಯಿಗೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಅದು ತಿಂಗಳುಗಟ್ಟಲೆ ಉಳಿಯಬೇಕಾದ ಪದಾರ್ಥ. ಕಾಶ್ಮೀರಿ ಎರಡು ಪಾಲು, ಗುಂಟೂರು ಒಂದು ಪಾಲು ತೂಕದಲ್ಲಿ ಬೆರೆಸಿದ ಪುಡಿ ಬಣ್ಣಕ್ಕೂ ಖಾರಕ್ಕೂ ಸರಿ. ಆದರೆ ಪುಡಿಯಲ್ಲಿ ತೇವ ಇರಲೇಬಾರದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲುವ ಪುಡಿಯನ್ನು ಒಂದು ದಿನ ಬಿಸಿಲಿಗೆ ಹರಡಿ, ತೆಳು ಬಟ್ಟೆ ಮುಚ್ಚಿ ಒಣಗಿಸಿ ಬಳಸಿ. ಬಟ್ಟೆ ಮುಚ್ಚುವುದು ಬರೀ ಧೂಳಿಗಲ್ಲ, ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ.

ಗುಂಟೂರು ಇಲ್ಲದೆ ಬ್ಯಾಡಗಿ ಮಾತ್ರ ಇದ್ದರೆ

ತಿರುಗುಮುರುಗು ಸಮಸ್ಯೆ, ಪರಿಹಾರ ಚಿಕ್ಕದು. ಖಾರ ಬರಲೆಂದು ಬ್ಯಾಡಗಿಯನ್ನು ಮೂರು ಪಟ್ಟು ಸುರಿಯಬೇಡಿ. ಅಡುಗೆ ಕೆಂಪಾಗಿ, ಮಂದವಾಗಿ, ಮೆಣಸಿನಕಾಯಿ ಸಿಪ್ಪೆಯ ರುಚಿಯೇ ಎದ್ದು ಕಾಣುತ್ತದೆ. ಐದು ಗುಂಟೂರಿನ ಜಾಗಕ್ಕೆ ಐದು ಬ್ಯಾಡಗಿ ಹಾಕಿ ಉಳಿದ ಖಾರವನ್ನು ಬೇರೆ ಕಡೆಯಿಂದ ತನ್ನಿ: ಎರಡು ತೇಜಾ, ಅಥವಾ ಒಂದೂವರೆ ಟೀಚಮಚ ಕೆಯೆನ್, ಅಥವಾ ಒಗ್ಗರಣೆಯಲ್ಲಿ ಸೀಳಿದ ಎರಡು ಹಸಿಮೆಣಸಿನಕಾಯಿ. ಮಲೆನಾಡು, ಕೊಡಗಿನ ಕಡೆ ಸಿಗುವ ಸೂಜಿಮೆಣಸು ಒಣಗಿದ್ದು ಇದ್ದರೆ ನಾಲ್ಕೈದು ಸಾಕು.

ಒಣಮೆಣಸಿನಕಾಯಿಯೇ ಇಲ್ಲದ ದಿನ

ಕಾಳುಮೆಣಸು ಮೊದಲ ಆಯ್ಕೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ಮೆಣಸಿನಕಾಯಿಯನ್ನು ಇತ್ತ ತರುವ ಮೊದಲು ನಮ್ಮ ಅಡುಗೆಯ ಖಾರಕ್ಕೆ ಮುಖ್ಯವಾಗಿ ಅದೇ ಆಧಾರವಾಗಿತ್ತು. ಅದರ ಖಾರ ಪೈಪರೀನ್‌ನಿಂದ ಬರುತ್ತದೆ, ಗಂಟಲಲ್ಲಿ ಹತ್ತಿ ಬೇಗ ಇಳಿಯುತ್ತದೆ. ನಾಲ್ಕು ಜನರ ಸಾರಿಗೆ ಒಂದು ಟೀಚಮಚ ಕಾಳುಮೆಣಸು, ಒಂದು ಟೀಚಮಚ ಜೀರಿಗೆ ತರಿತರಿಯಾಗಿ ಕುಟ್ಟಿ, ಇಳಿಸುವ ಎರಡು ನಿಮಿಷ ಮೊದಲು ಹಾಕಿ. ಹೆಚ್ಚು ಕುದಿಸಿದರೆ ಘಮ ಹೋಗಿ ಕಹಿ ಉಳಿಯುತ್ತದೆ. ಸಾರು, ಪೊಂಗಲ್, ಹುರಿದ ಮಾಂಸಕ್ಕೆ ಇದು ಒಪ್ಪುತ್ತದೆ. ಗೊಜ್ಜು, ಚಟ್ನಿಪುಡಿಗೆ ಒಪ್ಪುವುದಿಲ್ಲ.

ಹಸಿಮೆಣಸಿನಕಾಯಿ ಹಾಕಿದರೆ ಖಾರ ಬರುತ್ತದೆ, ಹುರಿದ ಘಮ ಬರುವುದಿಲ್ಲ. ಅಡುಗೆಯ ಜಾತಿಯೇ ಬದಲಾಗುತ್ತದೆ. ಅದನ್ನು ಒಪ್ಪಿಕೊಂಡು ಕೊತ್ತಂಬರಿ ಸೊಪ್ಪು, ಶುಂಠಿ, ಕಾಯಿತುರಿ ಕಡೆಗೆ ತಿರುಗಿದರೆ ಊಟ ರುಚಿಯಾಗಿಯೇ ಇರುತ್ತದೆ. ಕೆಂಪು ಬರಲೆಂದು ಬೀಟ್‌ರೂಟ್ ಸೇರಿಸುವವರಿದ್ದಾರೆ. ಅದು ಕೊಡುವುದು ನೇರಳೆ ಛಾಯೆಯ ಕೆಂಪು, ಮಣ್ಣಿನ ವಾಸನೆ ಬೇರೆ. ಸಾರಿಗೆ ಬೇಡ.

ಬಾಳಕದ ಮೆಣಸಿನಕಾಯಿ ಕಣ್ಣಿಗೆ ಬೀಳಬಹುದು. ಮಜ್ಜಿಗೆ, ಉಪ್ಪಿನಲ್ಲಿ ನೆನೆದು ಒಣಗಿದ್ದರಿಂದ ಪುಡಿಗೆ ಅದು ಸಲ್ಲದು. ಮೊಸರನ್ನದ ಒಗ್ಗರಣೆಗೆ ಒಣಮೆಣಸಿನಕಾಯಿ ಬದಲು ಕರಿದು ಹಾಕಿ, ಉಪ್ಪು ತಗ್ಗಿಸಿ. ಬಾಟಲಿಯ ಚಿಲ್ಲಿ ಸಾಸ್‌ನಲ್ಲಿ ವಿನಿಗರ್, ಸಕ್ಕರೆ ಇರುವುದರಿಂದ ಅದನ್ನು ನಮ್ಮ ಮಸಾಲೆಗಳ ಹತ್ತಿರ ತರದಿರುವುದೇ ಒಳಿತು.

ಎಲ್ಲಿ ಕೆಡುತ್ತದೆ, ಏಕೆ

ಅಡುಗೆ ಕಹಿಯಾಯಿತೆಂದರೆ ಬಹುಪಾಲು ಮೆಣಸಿನಕಾಯಿ ಸೀದಿರುತ್ತದೆ. ಪುಡಿ ಸೀಯಲು ಕೆಲವೇ ಸೆಕೆಂಡು ಸಾಕು. ಅದರ ಸಕ್ಕರೆಯಂಶ, ಬಣ್ಣ ಎರಡೂ ಬಿಸಿ ಎಣ್ಣೆ ತಡೆಯುವುದಿಲ್ಲ. ಒಗ್ಗರಣೆಗೆ ಪುಡಿ ಹಾಕುವುದಾದರೆ ಉರಿ ಆರಿಸಿ ಹಾಕಿ, ಹಿಂದೆಯೇ ಟೊಮೇಟೊ ಅಥವಾ ಎರಡು ಚಮಚ ನೀರು ಬೀಳಲಿ. ಸೀದ ಮೆಣಸಿನಕಾಯಿಯ ಕಹಿಯನ್ನು ಬೆಲ್ಲ ಮುಚ್ಚುವುದಿಲ್ಲ. ಒಗ್ಗರಣೆ ಚೆಲ್ಲಿ ಹೊಸದಾಗಿ ಹಾಕುವುದೇ ದಾರಿ.

ಬಣ್ಣ ಬರಲಿಲ್ಲವೆಂದರೆ ಕೊಬ್ಬು ಸಾಲದೆ ಹೋಗಿರಬಹುದು. ಪುಡಿಯನ್ನು ನೇರ ಕುದಿಯುವ ನೀರಿಗೆ ಸುರಿದಿದ್ದರೆ ಬಣ್ಣ ಸಿಪ್ಪೆಯ ಕಣಗಳಲ್ಲೇ ಉಳಿಯುತ್ತದೆ. ಎರಡು ಚಮಚ ಬೆಚ್ಚಗಿನ ಎಣ್ಣೆಯಲ್ಲಿ ಅರ್ಧ ಟೀಚಮಚ ಕಾಶ್ಮೀರಿ ಪುಡಿ ಕದಡಿ ಮೇಲೆ ಹಾಕಿದರೆ ಕೊನೆಯ ಗಳಿಗೆಯಲ್ಲೂ ಕೆಂಪು ಮೇಲೇಳುತ್ತದೆ. ಹುಣಸೆ ಹಾಕಿದ ಗೊಜ್ಜು ಕಬ್ಬಿಣದ ಬಾಣಲೆಯಲ್ಲಿ ಕುದಿದು ಕಪ್ಪಾಗಿದ್ದರೆ ಅದಕ್ಕೆ ಮೆಣಸಿನಕಾಯಿ ಕಾರಣವಲ್ಲ, ಹುಳಿ ಕಬ್ಬಿಣವನ್ನು ಎಳೆದುಕೊಂಡಿರುತ್ತದೆ. ಪಾತ್ರೆ ಬದಲಿಸಿ.

ಖಾರ ಮೀರಿದರೆ ನೀರು ಸುರಿಯಬೇಡಿ. ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಅಡುಗೆ ತೆಳ್ಳಗಾಗುವುದಷ್ಟೇ ಬಂತು. ಹುಳಿಗೆ ಬೆಂದ ತೊಗರಿಬೇಳೆ ಇನ್ನೊಂದು ಬಟ್ಟಲು, ಗಸಿಗೆ ರುಬ್ಬಿದ ಕಾಯಿ ಅಥವಾ ಕಾಯಿಹಾಲು, ಪಲ್ಯಕ್ಕೆ ಹಸಿ ಕಾಯಿತುರಿ, ಬಾತ್‌ಗಳಿಗೆ ಎರಡು ಚಮಚ ತುಪ್ಪ ಮತ್ತು ಇನ್ನಷ್ಟು ಅನ್ನ. ಬೆಲ್ಲ ಅರ್ಧ ಚಮಚದಷ್ಟು ಸಹಾಯ ಮಾಡುತ್ತದೆ, ಅದಕ್ಕಿಂತ ಹೆಚ್ಚಾದರೆ ಸಿಹಿ–ಖಾರದ ಜಗಳ ಶುರುವಾಗುತ್ತದೆ.

ಪುಡಿಯನ್ನು ಪರೀಕ್ಷಿಸುವುದು, ಕಾಪಾಡುವುದು

ಬದಲಿಗೆಂದು ಹೊಸ ಪುಡಿ ತಂದಾಗ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಮೇಲೆ ಒಂದು ಚಿಟಿಕೆ ಉದುರಿಸಿ, ಕಲಕಬೇಡಿ. ಮೆಣಸಿನಕಾಯಿಯ ಸಹಜ ಬಣ್ಣ ನೀರಿಗೆ ಇಳಿಯುವುದಿಲ್ಲವೆಂದು ಮೇಲೆ ಹೇಳಿದೆವಲ್ಲ. ಕೆಂಪು ಗೆರೆಗಳು ಕೂಡಲೇ ಕೆಳಗಿಳಿಯತೊಡಗಿದರೆ ಅದು ಬೆರೆಸಿದ ಬಣ್ಣ. ಆಮೇಲೆ ಒಂದು ಟೀಚಮಚ ಪುಡಿ ಹಾಕಿ ಕಲಕಿ, ತಳದಲ್ಲಿ ನಿಂತದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಮರಳಿನಂತೆ ಕೊರೆದರೆ ಇಟ್ಟಿಗೆ ಪುಡಿ ಅಥವಾ ಮಣ್ಣು ಸೇರಿದೆ ಎಂದರ್ಥ. ನೀರಿನಲ್ಲಿ ಕರಗದ, ಎಣ್ಣೆಯಲ್ಲಿ ಮಾತ್ರ ಕರಗುವ ಕೃತಕ ಬಣ್ಣಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಇಡಿ ಮೆಣಸಿನಕಾಯಿ ಸಿಗುವಾಗ ಪುಡಿ ಕೊಳ್ಳದಿರುವುದು ಹೆಚ್ಚು ಭದ್ರ.

ಹೊಸ ಬೆಳೆ ಮಾರುಕಟ್ಟೆಗೆ ಬರುವುದು ಜನವರಿಯಿಂದ ಬೇಸಿಗೆಯವರೆಗೆ. ವರ್ಷಕ್ಕೆ ಬೇಕಾದಷ್ಟು ಬ್ಯಾಡಗಿಯನ್ನು ಆಗಲೇ ತಂದು, ಎರಡು ದಿನ ಬಿಸಿಲು ತೋರಿಸಿ, ಅಲುಗಿಸಿದರೆ ಬೀಜ ಗಿಲಿಗಿಲಿ ಎನ್ನುವಂತಾದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಕತ್ತಲಲ್ಲಿಡಿ. ಮಳೆಗಾಲದ ತೇವ ಹೆಚ್ಚಿರುವ ಕರಾವಳಿ, ಮಲೆನಾಡಿನಲ್ಲಿ ಫ್ರಿಜ್ಜೇ ಮೇಲು. ತೊಟ್ಟು ತೆಗೆಯದೆ ಇಡಿ. ತೊಟ್ಟಿನ ತೂತಿನಿಂದಲೇ ತೇವ, ಹುಳ ಒಳಗೆ ಹೋಗುವುದು. ಬದಲಿ ಮಿಶ್ರಣದ ಪುಡಿಯನ್ನು ಎರಡು ತಿಂಗಳಿಗೆ ಆಗುವಷ್ಟು ಮಾತ್ರ ಮಾಡಿ, ಡಬ್ಬದ ಮೇಲೆ ಯಾವ ತಳಿ ಎಷ್ಟು ಗ್ರಾಂ ಎಂದು ಚೀಟಿ ಅಂಟಿಸಿ. ಮುಂದಿನ ಸಲ ಖಾರ ಹೆಚ್ಚೋ ಕಡಿಮೆಯೋ ಮಾಡಬೇಕಾದಾಗ ಆ ಚೀಟಿಯಿಂದಲೇ ಲೆಕ್ಕ ಹಿಡಿಯಬಹುದು.